ಹಳೇ ರಂದಾ ಮಷೀನ್ ರಿಪೇರಿ: ಬ್ಲಾಕ್ ಮೊದಲು, ಬಣ್ಣ ಕೊನೆಗೆ

ಗುಜರಿ ತೂಕಕ್ಕೆ ಸಿಗುವ ಹಳೇ ಎರಕದ ರಂದಾ ಮಷೀನ್ (ಕಟ್ಟಿಗೆ ಹಲಗೆ ಸಪಾಟು ಮಾಡುವ ಯಂತ್ರ) ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಬೆಡ್, ಅಂದರೆ ಹಲಗೆ ಜಾರುವ ಟೇಬಲ್‌ಗಳ ಮೇಲಿನ ಕೆಂಪು ತುಕ್ಕು. ಅದಕ್ಕೆ ಹೆದರಬೇಕಿಲ್ಲ, ಎರಡು ದಿನದಲ್ಲಿ ಹೋಗುತ್ತದೆ. ರಂದಾ ಹೊಡೆಯುವುದು ನೆಟ್ಟಗಾಗುವುದೋ ಸೊಟ್ಟಗಾಗುವುದೋ ಎಂಬುದು ಕಟರ್ ಬ್ಲಾಕ್ (ಬ್ಲೇಡ್ ಹಿಡಿದು ತಿರುಗುವ ಭಾಗ), ಬೇರಿಂಗ್ ಮತ್ತು ಎರಡು ಟೇಬಲ್‌ಗಳ ಮಟ್ಟದ ಮೇಲೆ ನಿಂತಿದೆ. ದುಡ್ಡು, ಸಮಯ ಎರಡೂ ಅಲ್ಲಿಗೇ ಹೋಗಲಿ.

ಕೊಳ್ಳುವ ಮುಂಚೆ

ಬ್ಲಾಕ್ ಚೌಕಾಕಾರದ್ದಾಗಿದ್ದರೆ ಮಷೀನ್ ಎಷ್ಟೇ ಅಗ್ಗವಿರಲಿ, ಆ ಬ್ಲಾಕ್ ಓಡಿಸಬೇಡಿ. ಚೌಕದ ಚಪ್ಪಟೆ ಬದಿಗೂ ಟೇಬಲ್ ತುಟಿಗೂ (ಬ್ಲಾಕ್ ಪಕ್ಕದ ಅಂಚಿಗೂ) ನಡುವೆ ದೊಡ್ಡ ಸಂದು ಇರುತ್ತದೆ, ಜಾರಿದ ಬೆರಳನ್ನು ಅದು ಒಳಗೆಳೆದುಕೊಳ್ಳುತ್ತದೆ. ದುಂಡು ಬ್ಲಾಕ್‌ನಲ್ಲಿ ಬ್ಲೇಡ್ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಹೊರಗೆ ಚಾಚುವುದಿಲ್ಲ. ಬ್ರಿಟನ್‌ನಲ್ಲಿ ಕೈಯಿಂದ ತಳ್ಳುವ ರಂದಾ ಮಷೀನಿಗೆ ದುಂಡು ಬ್ಲಾಕ್ ಕಡ್ಡಾಯ ಮಾಡಿದ ನಿಯಮ 1922ರದ್ದು. ಬದಲಿಸುವುದಾದರೆ ಕಂಪನಿಯಲ್ಲೇ ತಯಾರಾದ ಬ್ಲಾಕ್ ತನ್ನಿ. ಯಾವುದೋ ಶಾಫ್ಟ್ ತುಂಡನ್ನು ಲೇತ್‌ಗೆ ಕೊಟ್ಟು ಮಾಡಿಸುವುದು ಬೇಡ, ನಿಮಿಷಕ್ಕೆ 4800 ಸುತ್ತಿನಲ್ಲಿ ಬ್ಲೇಡ್ ಬಿಟ್ಟರೆ ಅದು ಗುಂಡಿನಂತೆ ಹಾರುತ್ತದೆ.

ಎರಕದಲ್ಲಿ ಬಿರುಕು ಇದೆಯೇ ಎಂದು ತಿಳಿಯಲು ಬೇರಿಂಗ್ ಕೂರುವ ಜಾಗ ಮತ್ತು ಟೇಬಲ್ ತುಟಿಗೆ ಡೀಸೆಲ್ ಸವರಿ. ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕು ಇದ್ದಲ್ಲಿ ಒಳಗೆ ಇಳಿದ ಡೀಸೆಲ್ ಮತ್ತೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಮೂಡುತ್ತದೆ. ಬೇರಿಂಗ್ ಕೂರುವ ಕಡೆ ಅಂಥ ಗೆರೆ ಕಂಡರೆ ಮಷೀನ್ ಅಲ್ಲೇ ಬಿಟ್ಟುಬನ್ನಿ.

ಬಿಚ್ಚುವುದು, ತುಕ್ಕು ತೆಗೆಯುವುದು

ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಟೇಬಲ್ ಕೆಳಗೆ ತೆಳು ತಗಡಿನ ಪಟ್ಟಿ ಸಿಕ್ಕರೆ ಅದು ಕಸವಲ್ಲ, ಹಿಂದಿನವರು ಮಟ್ಟಕ್ಕಾಗಿ ಇಟ್ಟ ಶಿಮ್. ಎಡ-ಬಲ ಗುರುತು ಹಾಕಿ ಇಡಿ. ಟೇಬಲ್ ಸರಾಗವಾಗಿ ಮೇಲೆ-ಕೆಳಗೆ ಸರಿದರೆ ಅದನ್ನು ಪೂರ್ತಿ ಕಳಚುವ ಅಗತ್ಯವೇ ಇಲ್ಲ. ಹಿಡಿದುಕೊಂಡ ಬೋಲ್ಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಎರಕದ ಕಿವಿಗೆ (ಬೋಲ್ಟ್ ಕೂರುವ ಚಾಚಿದ ಭಾಗಕ್ಕೆ) ಸುತ್ತಿಗೆ ಏಟು ಕೊಟ್ಟರೆ ಅದು ಬಾಗುವುದಿಲ್ಲ, ಮುರಿಯುತ್ತದೆ.

ಬೆಡ್‌ಗೆ ಡೀಸೆಲ್ ಹಚ್ಚಿ, ಚಪ್ಪಟೆ ಕಟ್ಟಿಗೆ ತುಂಡಿಗೆ 220 ನಂಬರಿನ, ಆಮೇಲೆ 320ರ ವಾಟರ್ ಪೇಪರ್ ಸುತ್ತಿ ಉದ್ದುದ್ದ ಉಜ್ಜಿ. ಗ್ರೈಂಡರ್ ಹತ್ತಿರ ತರಬೇಡಿ. ಡಿಸ್ಕ್ ಒಂದು ಕಡೆ ನಿಂತರೂ ಸಾಕು, ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ತುಕ್ಕಿನ ಕಪ್ಪು ಚುಕ್ಕಿ ಉಳಿದರೆ ಉಳಿಯಲಿ, ಕೆಲಸಕ್ಕೆ ಅಡ್ಡಿಯಿಲ್ಲ.

ಹ್ಯಾಂಡಲ್, ಬ್ರಾಕೆಟ್‌ನಂಥ ಕಬ್ಬಿಣದ ಸಣ್ಣ ಭಾಗಗಳಿಗೆ ಕರೆಂಟ್ ಸ್ನಾನ ಒಳ್ಳೆಯದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 20 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ವೈರ್ ತುಕ್ಕಿನ ಭಾಗಕ್ಕೆ, ಪ್ಲಸ್ ವೈರ್ ಹಳೇ ಕಬ್ಬಿಣದ ಸಲಾಕೆಗೆ. ಎರಡೂ ಒಂದಕ್ಕೊಂದು ತಾಗಬಾರದು. ಎಂಟರಿಂದ ಹನ್ನೆರಡು ತಾಸು ಸಾಕು. ಸಲಾಕೆ ಬದಲು ಸ್ಟೀಲ್ ಚಮಚ, ತಟ್ಟೆ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಗಾಳಿಯಾಡುವ ಜಾಗದಲ್ಲಿ ಇಡಿ, ಬೀಡಿ-ಬೆಂಕಿ ದೂರವಿರಲಿ. ಅಲ್ಯೂಮಿನಿಯಂ ಪುಲ್ಲಿಯನ್ನು ಇದರಲ್ಲಿ ಮುಳುಗಿಸಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಬ್ಲೇಡ್ ಮತ್ತು ಅದನ್ನು ಬಿಗಿಯುವ ಬೋಲ್ಟ್‌ಗಳಿಗೂ ಇದು ಬೇಡ. ಗಟ್ಟಿ ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ.

ಬೋರ್ ನೀರು ಗಡುಸಾಗಿದ್ದರೆ ಸೋಡಾ ಹಾಕುತ್ತಲೇ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಸುಣ್ಣ. ಒಂದು ತಾಸು ಬಿಟ್ಟು ತಿಳಿ ನೀರು ಬಸಿದುಕೊಳ್ಳಿ. ತುಕ್ಕು ತೆಗೆಯಲು ಸಿಟ್ರಿಕ್ ಆಸಿಡ್ ಬಳಸುವವರು (ಲೀಟರಿಗೆ 50 ಗ್ರಾಂ) ಶಹಾಬಾದ್ ಫರಸಿ ಮೇಲೆ ಬಕೆಟ್ ಇಡಬೇಡಿ. ಅದು ಸುಣ್ಣದ ಕಲ್ಲು, ಹನಿ ಬಿದ್ದಲ್ಲೆಲ್ಲ ಬುಸ್ ಎಂದು ನೊರೆಯೆದ್ದು ಬಿಳಿ ಕಲೆ ಕೂರುತ್ತದೆ, ಮನೆಯವರ ಮಾತು ಕೇಳಬೇಕಾಗುತ್ತದೆ. ಬೀದರಿನ ಜಂಬಿಟ್ಟಿಗೆ ಕಲ್ಲಿಗೆ ಈ ತೊಂದರೆಯಿಲ್ಲ.

ಹಳೇ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸದೆ ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ.

ಬೇರಿಂಗ್ ಮತ್ತು ಬ್ಲೇಡ್

ಬೇರಿಂಗ್ ಚೆನ್ನಾಗಿ ತಿರುಗುತ್ತಿದೆ ಅನ್ನಿಸಿದರೂ ಹೊಸದೇ ಹಾಕಿ. ಹಳೆಯದರ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ. 6205 ಎಂದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿ.ಮೀ. ನಂಬರಿನ ಕೊನೆಗೆ 2ಆರ್‌ಎಸ್ ಇರುವ ರಬ್ಬರ್ ಸೀಲಿನದನ್ನೇ ಕೇಳಿ, ಕಟ್ಟಿಗೆ ಧೂಳು ಒಳಹೋಗುವುದಿಲ್ಲ. ಕೂರಿಸುವಾಗ ಒಳ ಉಂಗುರಕ್ಕೆ ಮಾತ್ರ ತಾಗುವ ಪೈಪ್ ಇಟ್ಟು ಸಮನಾಗಿ ತಟ್ಟಿ. ಹೊರ ಉಂಗುರಕ್ಕೆ ಹೊಡೆದರೆ ಏಟೆಲ್ಲ ಗುಂಡುಗಳ ಮೇಲೆ ಬಿದ್ದು, ಹೊಸ ಬೇರಿಂಗ್ ಮೊದಲ ದಿನವೇ ಗುರ್ ಎನ್ನುತ್ತದೆ.

ಬ್ಲೇಡ್‌ಗಳನ್ನು ಪತ್ತಾರರ ತಕ್ಕಡಿಯಲ್ಲಿ ತೂಗಿಸಿ. ಅರ್ಧ ಗ್ರಾಂಗಿಂತ ಹೆಚ್ಚು ಫರಕು ಇದ್ದರೆ ಭಾರದ್ದರ ಬೆನ್ನಿನ ಕಡೆ ಸ್ವಲ್ಪ ಸವೆಸಿ, ಅಲಗಿನ ಕಡೆಯಲ್ಲ. ಬಿಗಿಯುವಾಗ ನಡುವಿನ ಬೋಲ್ಟ್‌ನಿಂದ ತುದಿಗಳ ಕಡೆ ಹೋಗಿ, ಎಲ್ಲ ಬ್ಲೇಡ್‌ಗಳನ್ನೂ ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಮಟ್ಟ ಹಿಡಿಯುವುದು

ಇಲ್ಲಿ ಅವಸರ ಬೇಡ. ಹಿಂದಿನ ಟೇಬಲ್ (ಕಟ್ಟಿಗೆ ಹೊರಬರುವ ಕಡೆಯದು) ಮೇಲೆ ಒಂದು ಮೀಟರಿನ ನೇರ ಪಟ್ಟಿ ಇಟ್ಟು, ಮುಂದಿನ ಟೇಬಲನ್ನು ಅದೇ ಎತ್ತರಕ್ಕೆ ತನ್ನಿ. ಪಟ್ಟಿ ಕೆಳಗೆ ಎಲ್ಲಿಯೂ 0.1 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಬಾರದು. ತೂರಿದರೆ ಟೇಬಲ್ ಜಾರುವ ಜಾಡಿನಲ್ಲಿ ಹಿತ್ತಾಳೆ ತಗಡಿನ ಶಿಮ್ ಕೊಡಿ. ಎರಡೂ ಟೇಬಲ್‌ಗಳ ಹೊರತುದಿ ಜೋತುಬಿದ್ದಿದ್ದರೆ ಹಲಗೆ ನಡುವೆ ತಗ್ಗಾಗಿ ಬರುತ್ತದೆ, ಹೊರತುದಿ ಎದ್ದಿದ್ದರೆ ನಡು ಉಬ್ಬುತ್ತದೆ.

ಆಮೇಲೆ ಬೆಲ್ಟ್ ಬಿಚ್ಚಿ, ಹಿಂದಿನ ಟೇಬಲ್ ಮೇಲೆ ನೆಟ್ಟಗಿನ ಕಟ್ಟಿಗೆ ಪಟ್ಟಿ ಇಟ್ಟು ಅದರ ತುದಿ ಬ್ಲಾಕ್ ಮೇಲೆ ಚಾಚುವಂತೆ ಮಾಡಿ. ಟೇಬಲ್ ತುಟಿಯ ನೇರಕ್ಕೆ ಪಟ್ಟಿ ಮೇಲೆ ಪೆನ್ಸಿಲ್ ಗೆರೆ ಎಳೆದು, ಬ್ಲಾಕನ್ನು ಮಷೀನ್ ಓಡುವ ದಿಕ್ಕಿನಲ್ಲೇ ಕೈಯಿಂದ ನಿಧಾನ ತಿರುಗಿಸಿ. ಬ್ಲೇಡ್ ಪಟ್ಟಿಯನ್ನು ತುಸು ಹಿಡಿದು 3 ಮಿ.ಮೀ. ಎಳೆಯಬೇಕು. ಪ್ರತಿ ಬ್ಲೇಡೂ, ಅದರ ಎಡ-ಬಲ ತುದಿಗಳೂ ಅಷ್ಟೇ ಎಳೆಯಬೇಕು. ಹಿಂದಿನ ಟೇಬಲ್ ಬ್ಲೇಡಿಗಿಂತ ಕೆಳಗಿದ್ದರೆ ಹಲಗೆಯ ಕೊನೆಯ ಒಂದೆರಡು ಇಂಚು ಕೆತ್ತಿಹೋಗುತ್ತದೆ. ಮೇಲಿದ್ದರೆ ಹಲಗೆ ತುಟಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ.

ಮೋಟಾರ್ ಮತ್ತು ನೆಲ

2880 ಸುತ್ತಿನ ಮೋಟಾರಿಗೆ 5 ಇಂಚಿನ ಪುಲ್ಲಿ, ಬ್ಲಾಕ್‌ಗೆ 3 ಇಂಚಿನದು ಹಾಕಿದರೆ ಆ 4800 ಸುತ್ತು ಸಿಗುತ್ತದೆ. ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿ. ಹಳೇ ಮೋಟಾರನ್ನು ವೈಂಡಿಂಗ್ ಅಂಗಡಿಯಲ್ಲಿ 500 ವೋಲ್ಟ್ ಮೆಗ್ಗರ್ (ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಓಡಿಸಬೇಡಿ. ತ್ರೀ ಫೇಸ್ ಮೋಟಾರನ್ನು ಮನೆಯ ಸಿಂಗಲ್ ಫೇಸ್‌ನಲ್ಲಿ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಸಾಧನ) ಇಟ್ಟು ಓಡಿಸುವುದಾದರೆ, ಹೊರಗೆ ಬರುವುದು 230 ವೋಲ್ಟ್ ಮಾತ್ರ. 415 ವೋಲ್ಟ್‌ಗೆ ಸ್ಟಾರ್ ಕಟ್ಟಿದ ಮೋಟಾರಿನ ಲಿಂಕ್‌ಗಳನ್ನು ಡೆಲ್ಟಾಕ್ಕೆ ಬದಲಿಸಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಅರ್ಥಿಂಗ್ ಸಹಿತ. ನೇರ ಲೈನಿಗೆ ಹಾಕುವವರು ನೋ-ವೋಲ್ಟ್ ಕಾಯಿಲ್ (ಕರೆಂಟ್ ಹೋದೊಡನೆ ತಾನೇ ಆಫ್ ಮಾಡುವ ಸುರುಳಿ) ಇರುವ ಸ್ಟಾರ್ಟರ್ ಹಾಕಿ. ಹೋದ ಕರೆಂಟ್ ಬಂದಾಗ ಮಷೀನ್ ತಾನಾಗಿ ಶುರುವಾದರೆ, ಬ್ಲಾಕ್ ಹತ್ತಿರ ಕೈ ಇಟ್ಟವರ ಗತಿ ಹೇಳಬೇಕಿಲ್ಲ.

ಫರಸಿ ನೆಲದ ಮೇಲೆ ಮಷೀನನ್ನು ಹಾಗೇ ನಿಲ್ಲಿಸಿದರೆ ಕಲ್ಲಿನ ಕೆಳಗೆ ಪೊಳ್ಳು ಇದ್ದ ಕಡೆ ನಡುಕಕ್ಕೆ ಸೀಳುತ್ತದೆ. ನಾಲ್ಕು ಕಾಲು ಬರುವಲ್ಲಿ ಕಲ್ಲು ತೆಗೆದು ಕಾಂಕ್ರೀಟ್ ಹಾಕಿ, ಇಲ್ಲವೇ ದಪ್ಪ ರಬ್ಬರ್ ಕೊಡಿ.

ಬಣ್ಣ ಈಗ. ರೆಡ್ ಆಕ್ಸೈಡ್ ಒಂದು ಕೋಟ್, ಎನಾಮಲ್ ಎರಡು. ಏಪ್ರಿಲ್-ಮೇ ಬಿಸಿಲಲ್ಲಿ ಮಧ್ಯಾಹ್ನ ಹಚ್ಚಿದರೆ ಬ್ರಷ್ ಗೆರೆ ಹಾಗೇ ಉಳಿಯುತ್ತದೆ, ಬೆಳಿಗ್ಗೆ ಮುಗಿಸಿ. ಟೇಬಲ್‌ಗೆ ಬಣ್ಣ ಬೇಡ, ಮೇಣ ಸವರಿ ಒರೆಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಇದೇ ಕೆಲಸ.

ಬ್ಲಾಕ್ ಮೇಲೆ ಗಾರ್ಡ್ ಕೂರಿಸದೆ ಸ್ವಿಚ್ ಒತ್ತಬೇಡಿ. ಕೈಗವಸು, ಹೆಗಲ ಮೇಲಿನ ಟವೆಲ್ ದೂರವಿಡಿ. ಮೊದಲ ಸಲ ಪಕ್ಕಕ್ಕೆ ನಿಂತು ಐದು ನಿಮಿಷ ಖಾಲಿ ಓಡಿಸಿ, ನಿಲ್ಲಿಸಿ, ಬೇರಿಂಗ್ ಮನೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಸೊಟ್ಟ ಕೂತಿದೆ ಇಲ್ಲವೇ ಬೆಲ್ಟ್ ಅತಿ ಬಿಗಿ. ಪರೀಕ್ಷೆಗೆ ಎರಡು ಅಡಿ ಉದ್ದದ ಬೇವಿನ ತುಂಡು ತೆಗೆದುಕೊಳ್ಳಿ, ಒಂದಡಿಗಿಂತ ಚಿಕ್ಕದು ಬೇಡ. ಒಂದು ಸಲಕ್ಕೆ ಅರ್ಧ ಮಿ.ಮೀ. ಮಾತ್ರ. ಅರ್ಧ ತಾಸು ಕೆಲಸವಾದ ಮೇಲೆ ಮೇನ್ ಆಫ್ ಮಾಡಿ ಬ್ಲೇಡ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಪಾನಾ ಹಾಕಿ ನೋಡಿ, ಹೊಸ ಬೆಲ್ಟ್ ಹಿಗ್ಗಿರುತ್ತದೆ, ಅದನ್ನೂ ಬಿಗಿಯಿರಿ.