ರಿಮೋಟು ಬೀಸಿ ಡೊಳ್ಳು ಬಾರಿಸಿದ್ದು: ವೀ ಜೊತೆ ನನ್ನ ಅನುಭವ

2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಗೇಮ್ ಶೋ ನಡೆಯಿತು. ನಿಂಟೆಂಡೊ ಕಂಪನಿಯ ಆಗಿನ ಮುಖ್ಯಸ್ಥ ಸತೋರು ಇವಾಟ ಅಲ್ಲಿನ ವೇದಿಕೆ ಮೇಲೆ ತಮ್ಮ ಮುಂದಿನ ಗೇಮ್ ಯಂತ್ರದ, ಅಂದರೆ ಆಮೇಲೆ 'ವೀ' ಅಂತ ಹೆಸರಾದ ಯಂತ್ರದ, ಕಂಟ್ರೋಲರ್ ತೋರಿಸಿದರು. ನೋಡಿದರೆ ಟಿವಿ ರಿಮೋಟಿನ ಹಾಗಿತ್ತು. ಎರಡೂ ಕೈಯಲ್ಲಿ ಹಿಡಿಯುವ, ಮೈತುಂಬಾ ಗುಂಡಿಗಳಿರುವ ಕಂಟ್ರೋಲರ್ ಬಿಟ್ಟು ಬೇರೆ ಕಂಡಿರದ ನಮಗೆ ಇದೇನು ಅಂತ ಅರ್ಥವಾಗಲಿಲ್ಲ. ಆಮೇಲೆ ಒಂದು ವಿಡಿಯೊ ಹಾಕಿದರು. ಅದರಲ್ಲಿ ಆಟವೇ ಕಾಣುವುದಿಲ್ಲ, ಆಡುವವರು ಮಾತ್ರ ಕಾಣುತ್ತಾರೆ. ಒಬ್ಬರು ಮೀನಿಗೆ ಗಾಳ ಎಳೆಯುತ್ತಾರೆ, ಒಬ್ಬರು ಅಡುಗೆ ಮಾಡುತ್ತಾರೆ, ಇನ್ನೊಬ್ಬರು ಕತ್ತಿ ಬೀಸುತ್ತಾರೆ, ಮತ್ತೊಬ್ಬರು ಎರಡು ಕೈಯಲ್ಲೂ ಡ್ರಮ್ ಬಾರಿಸುತ್ತಾರೆ. ಟಿವಿಯಲ್ಲಿ ಏನು ಕಾಣುತ್ತಿದೆ ಅನ್ನುವುದನ್ನು ನಾವೇ ಊಹಿಸಿಕೊಳ್ಳಬೇಕಿತ್ತು.

ನಾನು ಆಗ ಅಮೆರಿಕದ ಒಹಾಯೊದಲ್ಲಿ ಎಂಎಸ್ ಓದುತ್ತಿದ್ದೆ. ಆ ವಿಡಿಯೊ ಬಂದ ಮೇಲೆ ನಮ್ಮ ಲ್ಯಾಬಿನಲ್ಲಿ ಬೇರೆ ಮಾತೇ ಇರಲಿಲ್ಲ. ಯಂತ್ರಕ್ಕೆ ಇನ್ನೂ ಹೆಸರಿರಲಿಲ್ಲ, 'ರೆವಲ್ಯೂಷನ್' ಅಂತ ಗುಟ್ಟಿನ ಹೆಸರಲ್ಲೇ ಕರೆಯುತ್ತಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಅಭಿಮಾನಿಯೊಬ್ಬ ತಲೆಗೆ ಹಾಕುವ ಹೆಲ್ಮೆಟ್ಟಿನ ನಕಲಿ ವಿಡಿಯೊ ಮಾಡಿ ಹರಿಬಿಟ್ಟಿದ್ದ. ತುಂಬಾ ಜನ ಅದನ್ನೇ ನಿಜ ಅಂದುಕೊಂಡಿದ್ದರು. ಜನ ಅಷ್ಟೊಂದು ಕಾಯುತ್ತಿದ್ದರು. ನಿಜವಾದ ರಿಮೋಟು ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಕೈ ಎಲ್ಲಿದೆ, ಹೇಗೆ ತಿರುಗಿದೆ ಅಂತ ಇದಕ್ಕೆ ನಿಜವಾಗಿ ಗೊತ್ತಾಗುತ್ತದಾ? ಕತ್ತಿ ಆಡಬೇಕು ಅನ್ನುವವರು ಬಹಳ ಮಂದಿ ಇದ್ದರು. ನನ್ನ ಕಣ್ಣು ಮಾತ್ರ ಆ ಡ್ರಮ್ ಬಾರಿಸಿದವರ ಮೇಲಿತ್ತು. ನಮ್ಮದು ಶಿವಮೊಗ್ಗ ಕಡೆ. ಡೊಳ್ಳು ಕೇಳುತ್ತಲೇ ಬೆಳೆದವನು. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ರಿಮೋಟಿಗೆ ವೈರಿನಲ್ಲಿ ಸಿಕ್ಕಿಸುವ ನುನ್‌ಚಕ್ ಅನ್ನುವ ಇನ್ನೊಂದು ತುಂಡನ್ನೂ ಅವತ್ತೇ ತೋರಿಸಿದ್ದರು. ಬಲಗೈಗೆ ರಿಮೋಟು, ಎಡಗೈಗೆ ನುನ್‌ಚಕ್. ಇದು ಡೊಳ್ಳಿಗೇ ಮಾಡಿಸಿದ ಹಾಗಿದೆ ಅಂತ ಅವತ್ತೇ ಅನಿಸಿತು.

2006ರ ಏಪ್ರಿಲ್‌ನಲ್ಲಿ 'ವೀ' ಅಂತ ಹೆಸರಿಟ್ಟರು. ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇ3 ಅನ್ನುವ ಗೇಮ್ ಮೇಳ ಇತ್ತು. ಮಾರಿಯೊ ಆಟಗಳನ್ನು ಮಾಡಿದ ಶಿಗೆರು ಮಿಯಾಮೊಟೊ ಆ ಸಲ ಕೋಟು ತೊಟ್ಟು, ರಿಮೋಟನ್ನೇ ಕೋಲಿನಂತೆ ಹಿಡಿದು ಪರದೆ ಮೇಲಿನ ವಾದ್ಯಗೋಷ್ಠಿ ನಡೆಸಿದರು. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದೆನೋ. ನವೆಂಬರ್ 19ಕ್ಕೆ ಅಮೆರಿಕದಲ್ಲಿ ಮಾರಾಟ ಶುರುವಾಯಿತು. ಬೆಲೆ 250 ಡಾಲರ್. ಅದೇ ವಾರ ಬಂದ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 3ರ ಬೆಲೆ 500 ಡಾಲರಿನಿಂದ ಮೇಲೆ. ವಿದ್ಯಾರ್ಥಿಯ ಜೇಬಿಗೆ ಇದು ದೊಡ್ಡ ವ್ಯತ್ಯಾಸ. ಆದರೂ ದುಡ್ಡಿದ್ದರೆ ಸಾಲದು, ಅಂಗಡಿಯಲ್ಲಿ ಮಾಲು ಇರಬೇಕಲ್ಲ? ಚಳಿಗಾಲ ಪೂರ್ತಿ ಎಲ್ಲಿ ಕೇಳಿದರೂ ಖಾಲಿ. ವಸಂತ ಬಂದ ಮೇಲೆ, ಬೆಳಗಿನ ಜಾವ ಸಾಲಿನಲ್ಲಿ ನಿಂತು ಒಂದು ತಂದೆ.

ಜೊತೆಗೇ 'ವೀ ಸ್ಪೋರ್ಟ್ಸ್' ಬಂದಿತ್ತು. ಟೆನ್ನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಆ ಬೇಸಿಗೆಗೆ ಊರಿಂದ ಅಮ್ಮ ಬಂದರು. ಗೇಮ್ ಅಂದರೆ ಮೂಗು ಮುರಿಯುತ್ತಿದ್ದವರು, ಬೌಲಿಂಗ್ ಕೈಗೆ ಹತ್ತಿದ ಮೇಲೆ "ಇನ್ನೊಂದ್ಸಲ ಹಾಕೋ, ಈ ಸಲ ಎಲ್ಲಾ ಬೀಳುತ್ತೆ" ಅಂತ ರಾತ್ರಿ ಊಟದ ಹೊತ್ತು ಮೀರಿದರೂ ರಿಮೋಟು ಬಿಡುತ್ತಿರಲಿಲ್ಲ. ಗುಂಡಿಗಳ ಹೆಸರು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕೈ ಬೀಸುವುದು ಗೊತ್ತಿತ್ತು, ಅಷ್ಟು ಸಾಕಾಯಿತು. ಈ ಯಂತ್ರದ ಬಗ್ಗೆ ಎದ್ದ ಉತ್ಸಾಹ ಸುಮ್ಮನೆ ಅಲ್ಲ ಅಂತ ನನಗೆ ಖಾತ್ರಿಯಾಗಿದ್ದು ಅಲ್ಲೇ.

ಆಡುವುದರ ಜೊತೆಗೆ ನನಗೆ ಒಳಗೇನಿದೆ ಅಂತ ನೋಡಬೇಕಿತ್ತು. ಅದಕ್ಕೆ ದಾರಿ ಸುಲಭವಾಗಿಯೇ ಇತ್ತು. ರಿಮೋಟು ಮಾತಾಡುವುದು ಸಾಮಾನ್ಯ ಬ್ಲೂಟೂತ್‌ನಲ್ಲಿ. ಹಾಗಾಗಿ ಯಾವ ಕಂಪ್ಯೂಟರಿಗೆ ಬೇಕಾದರೂ ಸೇರಿಸಬಹುದು. 1 ಮತ್ತು 2 ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಕೆಳಗಿನ ನಾಲ್ಕು ನೀಲಿ ದೀಪ ಮಿಣುಕುತ್ತವೆ. ಆಗ ಕಂಪ್ಯೂಟರಿಗೆ ಹುಡುಕಲು ಹೇಳಬೇಕು. ಜಗತ್ತಿನ ಬೇರೆ ಬೇರೆ ಕಡೆಯ ಹುಡುಗರು ಸೇರಿ, ರಿಮೋಟು ಯಾವ ಬೈಟಿನಲ್ಲಿ ಏನು ಹೇಳುತ್ತದೆ ಅಂತ ಅದಾಗಲೇ ಬಿಡಿಸಿಟ್ಟಿದ್ದರು. ವಿಂಡೋಸ್‌ಗೆ ಗ್ಲವ್‌ಪೈ ಅನ್ನುವ ತಂತ್ರಾಂಶ ಇತ್ತು. ನಾನು ಲಿನಕ್ಸ್‌ನಲ್ಲಿ ಸಿವೀಡ್ ಅನ್ನುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಹಿಡಿದೆ. ಪೈಥಾನ್‌ನಲ್ಲಿ ಕೆಲವೇ ಸಾಲು ಬರೆದರೆ ಅಂಕಿಗಳು ಹರಿಯಲು ಶುರು.

ಆ ಅಂಕಿಗಳನ್ನು ನೋಡುತ್ತಾ ಕೂತರೆ ರಿಮೋಟಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದು ಸ್ಪಷ್ಟವಾಗುತ್ತದೆ. ಒಳಗಿರುವುದು ಅನಲಾಗ್ ಡಿವೈಸಸ್ ಕಂಪನಿಯ ಒಂದು ಆಕ್ಸೆಲರೋಮೀಟರ್ ಚಿಪ್, ಅಂದರೆ ವೇಗ ಬದಲಾಗುವುದನ್ನು ಅಳೆಯುವ ಚಿಪ್. ಹೆಸರು ಎಡಿಎಕ್ಸ್‌ಎಲ್330. ಅದರೊಳಗೆ ಸಿಲಿಕಾನ್‌ನ ಬಹಳ ಸಣ್ಣ ತುಂಡೊಂದು ಸಿಲಿಕಾನ್ ಸ್ಪ್ರಿಂಗುಗಳ ಮೇಲೆ ನಿಂತಿದೆ. ಕೈ ಜೋರಾಗಿ ಆಡಿದರೆ ಆ ತುಂಡು ಸ್ವಲ್ಪ ಸರಿಯುತ್ತದೆ, ಚಿಪ್ ಅದನ್ನು ಅಳೆಯುತ್ತದೆ. ಮೂರು ದಿಕ್ಕಿಗೂ ಒಂದೊಂದು ಅಂಕಿ. ರಿಮೋಟನ್ನು ಮೇಜಿನ ಮೇಲೆ ಸುಮ್ನೆ ಇಟ್ಟಾಗ ಎರಡು ಅಂಕಿ 128ರ ಆಸುಪಾಸಿನಲ್ಲಿ ಇರುತ್ತವೆ. ಮೇಲ್ಮುಖದ ಅಂಕಿ ಮಾತ್ರ ಸುಮಾರು 25 ಜಾಸ್ತಿ. ಅದು ಭೂಮಿಯ ಸೆಳೆತ. ರಿಮೋಟನ್ನು ಓರೆ ಮಾಡಿದರೆ ಆ 25 ಬೇರೆ ದಿಕ್ಕುಗಳಿಗೆ ಹಂಚಿಕೊಳ್ಳುತ್ತದೆ. ಅದರಿಂದ ಎಷ್ಟು ಓರೆಯಾಗಿದೆ ಅಂತ ಲೆಕ್ಕ ಸಿಗುತ್ತದೆ. ಮಂಚದ ಮೇಲೆ ಬೀಳುವ ಹಾಗೆ ಮೆಲ್ಲಗೆ ಎಸೆದು ನೋಡಿ. ಗಾಳಿಯಲ್ಲಿರುವಷ್ಟು ಹೊತ್ತು ಮೂರೂ ಅಂಕಿ 128ರ ಹತ್ತಿರ ಬರುತ್ತವೆ, ಅಂದರೆ ಅದಕ್ಕೆ ತೂಕವೇ ಇಲ್ಲ. ಶಾಲೆಯಲ್ಲಿ ಓದಿದ್ದನ್ನು ಪರದೆ ಮೇಲೆ ಹೀಗೆ ಕಂಡಾಗ ಆಗುವ ಖುಷಿಯೇ ಬೇರೆ.

ಆದರೆ ಇದಕ್ಕೆ ಗೊತ್ತಾಗದ್ದೂ ಇದೆ. ಮೇಜಿನ ಮೇಲಿಟ್ಟು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸಿದರೆ ಅಂಕಿಗಳು ಅಲ್ಲಾಡುವುದೇ ಇಲ್ಲ, ಯಾಕೆಂದರೆ ಭೂಮಿಯ ಸೆಳೆತದ ದಿಕ್ಕು ಬದಲಾಗಿಲ್ಲ. ಬೀಸುವಾಗ ಓರೆ ಎಷ್ಟು, ಬೀಸಿದ ಜೋರು ಎಷ್ಟು ಅಂತ ಬೇರೆ ಬೇರೆ ಮಾಡುವುದೂ ಆಗುವುದಿಲ್ಲ. ಎರಡೂ ಒಂದೇ ಅಂಕಿಯಲ್ಲಿ ಕಲೆತುಹೋಗಿರುತ್ತವೆ. ಲೆಕ್ಕ ಮಾಡಿ ಕೈ ಎಲ್ಲಿದೆ ಅಂತ ಕಂಡುಹಿಡಿಯಲು ಹೊರಟರೆ ಸಣ್ಣ ತಪ್ಪು ಬೆಳೆಯುತ್ತಾ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಪರದೆ ಮೇಲಿನ ಕೈ ಗೋಡೆಯಾಚೆ ಹೋಗಿಬಿಡುತ್ತದೆ. ಕತ್ತಿಯ ಕನಸು ಕಂಡವರಿಗೆ ಮೊದಲ ಆಟಗಳಲ್ಲಿ ಬೇಸರವಾಗಿದ್ದು ಇದಕ್ಕೇ. ಕೈ ಹೋದ ದಾರಿ ಅದಕ್ಕೆ ಕಾಣುತ್ತಿರಲಿಲ್ಲ, ಬೀಸಿದ್ದು ಮಾತ್ರ ಗೊತ್ತಾಗುತ್ತಿತ್ತು.

ಪರದೆಗೆ ಗುರಿ ಇಡುವುದು ಬೇರೆ ವ್ಯವಸ್ಥೆ. ಟಿವಿ ಮೇಲಿಡುವ 'ಸೆನ್ಸರ್ ಬಾರ್' ಇದೆಯಲ್ಲ, ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿವೆ, ಅಷ್ಟೆ. ಫೋನಿನ ಕ್ಯಾಮೆರಾ ಹಿಡಿದರೆ ಅವು ನೇರಳೆ ಬಣ್ಣಕ್ಕೆ ಹೊಳೆಯುವುದು ಕಾಣಬಹುದು. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ. ಅದು ಚಿತ್ರ ಕಳಿಸುವುದಿಲ್ಲ. ಪ್ರಕಾಶವಾದ ನಾಲ್ಕು ಬಿಂದುಗಳ ತನಕ ಎಲ್ಲಿವೆ ಅಂತ ಮಾತ್ರ ಹೇಳುತ್ತದೆ. ಸೆನ್ಸರ್ ಬಾರ್ ತೆಗೆದು ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ. ನಾನು ಅವನ್ನು ಸುಮಾರು 20 ಸೆಂಟಿಮೀಟರ್ ದೂರದಲ್ಲಿಟ್ಟು ನೋಡಿದೆ, ಬಾಣದ ಗುರುತು ಸರಿಯಾಗಿಯೇ ಓಡಾಡಿತು. ಕಾರ್ನೆಗಿ ಮೆಲನ್‌ನಲ್ಲಿದ್ದ ಸಂಶೋಧಕ ಜಾನಿ ಚಂಗ್ ಲೀ 2007ರ ಕೊನೆಗೆ ಇದನ್ನೇ ತಿರುಗುಮುರುಗು ಮಾಡಿ, ರಿಮೋಟನ್ನು ಒಂದು ಕಡೆ ನಿಲ್ಲಿಸಿ, ಇನ್‌ಫ್ರಾರೆಡ್ ದೀಪವನ್ನು ಪೆನ್ನಿಗೆ ಕಟ್ಟಿ, ಗೋಡೆಯನ್ನೇ ಬರೆಯುವ ಹಲಗೆ ಮಾಡಿ ತೋರಿಸಿದರು. ಆ ವಿಡಿಯೊ ನೋಡಿದ ಮೇಲೆ ರಿಮೋಟಿನಿಂದ ಡೊಳ್ಳು ಬಾರಿಸುವ ಕೆಲಸ ಮುಂದೂಡಲು ಮನಸ್ಸಾಗಲಿಲ್ಲ.

ಡೊಳ್ಳಿಗೆ ಕೈ ಎಲ್ಲಿದೆ ಅಂತ ಗೊತ್ತಾಗಬೇಕಿಲ್ಲ. ಯಾವಾಗ ಬಿತ್ತು, ಎಷ್ಟು ಜೋರಾಗಿ ಬಿತ್ತು, ಇಷ್ಟು ತಿಳಿದರೆ ಸಾಕು. ಈ ರಿಮೋಟಿಗೆ ಚೆನ್ನಾಗಿ ಬರುವುದೂ ಅದೇ. ಊರಲ್ಲಿ ಡೊಳ್ಳು ತಂಡದವರ ಹತ್ತಿರ ನನ್ನ ತಮ್ಮ ಹೋಗಿ ಬಿಡಿ ಪೆಟ್ಟುಗಳನ್ನು ರೆಕಾರ್ಡ್ ಮಾಡಿ ಕಳಿಸಿದ. ಕೋಲಿನ ಪೆಟ್ಟು, ಅಂಗೈ ಪೆಟ್ಟು, ಮೆಲುವು, ಜೋರು, ಎಲ್ಲಾ ಬೇರೆ ಬೇರೆ. ಒಂದೇ ದನಿಯ ವಾಲ್ಯೂಮ್ ಏರಿಸಿ ಇಳಿಸಿದರೆ ಡೊಳ್ಳು ಅನಿಸುವುದಿಲ್ಲ. ಜೋರು ಪೆಟ್ಟಿನಲ್ಲಿ ಚರ್ಮ ಬೇರೆ ಥರವೇ ಮೊಳಗುತ್ತದೆ.

ಪೆಟ್ಟು ಹಿಡಿಯಲು ನಾನು ನೋಡಿದ್ದು ಕೈ ಹೊರಡುವುದನ್ನಲ್ಲ, ನಿಲ್ಲುವುದನ್ನು. ಕೈ ಕೆಳಗೆ ಬಂದು ಗಕ್ಕನೆ ನಿಂತಾಗ ಅಂಕಿ ಎದುರು ದಿಕ್ಕಿಗೆ ಜಿಗಿಯುತ್ತದೆ. ಆ ಕ್ಷಣಕ್ಕೇ ದನಿ ಹೊರಡಬೇಕು. ಅದಾದ ಮೇಲೆ ಒಂದಿಷ್ಟು ಮಿಲಿಸೆಕೆಂಡು ಬೇರೇನನ್ನೂ ಕೇಳಬಾರದು, ಇಲ್ಲದಿದ್ದರೆ ಒಂದು ಪೆಟ್ಟಿಗೆ ಎರಡು ದನಿ. ರಿಮೋಟು ಸೆಕೆಂಡಿಗೆ ಸುಮಾರು 100 ಸಲ ವರದಿ ಕಳಿಸುತ್ತದೆ, ತಡ ಅಲ್ಲಿಂದ ಬರುವುದಿಲ್ಲ. ತಡ ಇರುವುದು ಕಂಪ್ಯೂಟರಿನ ಆಡಿಯೊ ಬಫರಿನಲ್ಲಿ, ಅಂದರೆ ದನಿ ಹೊರಡುವ ಮೊದಲು ಕೂಡಿಡುವ ಜಾಗದಲ್ಲಿ. ದನಿ ಒಡೆಯದಷ್ಟರ ಮಟ್ಟಿಗೆ ಅದನ್ನು ಚಿಕ್ಕದು ಮಾಡಿದೆ. ತಾಳಕ್ಕೆ ಜೀವ ಬಂದಿದ್ದು ಆಗಲೇ.

ಜೋರಿನ ಲೆಕ್ಕಕ್ಕೆ ಸ್ವಲ್ಪ ಜಾಸ್ತಿ ಯೋಚನೆ ಬೇಕಾಯಿತು. ಆ ಚಿಪ್ ಭೂಮಿಯ ಸೆಳೆತದ ಸುಮಾರು ಮೂರು ಪಟ್ಟಿನ ತನಕ ಅಳೆಯಲು ಮಾಡಿದ್ದು. ಡೊಳ್ಳಿನ ಪೆಟ್ಟು ಅದನ್ನು ಸುಲಭವಾಗಿ ದಾಟುತ್ತದೆ. ಸಾಧಾರಣ ಪೆಟ್ಟಿಗೂ, ಮೈಯೆಲ್ಲ ಬಳಸಿ ಹೊಡೆದ ಪೆಟ್ಟಿಗೂ ತುತ್ತತುದಿಯ ಒಂದೇ ಅಂಕಿ ಬರುತ್ತದೆ. ಅದಕ್ಕೆ ಅಂಕಿ ಆ ತುದಿಯಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ಎಣಿಸಿದೆ. ಜಾಸ್ತಿ ಹೊತ್ತು ನಿಂತರೆ ಜೋರು ಪೆಟ್ಟು. ಇದನ್ನು ತಿಳಿಯಲು ಕೆಲವು ಮಿಲಿಸೆಕೆಂಡು ಕಾಯಬೇಕು. ಹಾಗಾಗಿ ಮೊದಲು ಸಾಧಾರಣ ದನಿ ಹೊರಡಿಸಿ, ಜೋರು ಅಂತ ಗೊತ್ತಾದ ಕೂಡಲೇ ಅದರ ಮೇಲೆ ಗುಡುಗಿನ ದನಿ ಸೇರಿಸಿದೆ. ಕಿವಿಗೆ ಎರಡೂ ಒಂದೇ ಪೆಟ್ಟಾಗಿ ಕೇಳುತ್ತದೆ.

ರಿಮೋಟಿನಲ್ಲಿ ನಡುಗುವ ಮೋಟಾರೂ ಇದೆ. ಪೆಟ್ಟು ಬಿದ್ದಾಗ ಕೈಗೆ ತಾಗಿದ ಹಾಗಿರಲಿ ಅಂತ ಅದನ್ನೂ ಬಳಸಿದೆ. ಆದರೆ ಆ ನಡುಕವನ್ನು ಆಕ್ಸೆಲರೋಮೀಟರೂ ಕೇಳಿಸಿಕೊಳ್ಳುತ್ತದೆ! ಮೋಟಾರು ತಿರುಗುವಷ್ಟು ಹೊತ್ತು ಪೆಟ್ಟಿನ ಮಿತಿಯನ್ನು ಏರಿಸಿದ ಮೇಲೆ ಸರಿಹೋಯಿತು.

2008ರ ನವೆಂಬರ್‌ನಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಇದನ್ನು ತೆಗೆದುಕೊಂಡು ಹೋದೆ. ದೊಡ್ಡ ಸ್ಪೀಕರ್ ಸಿಕ್ಕಿತ್ತು. ಮಕ್ಕಳು ಸಾಲು ಹಚ್ಚಿದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು, ಹೆಚ್ಚಿನವರು ಡೊಳ್ಳು ಮುಟ್ಟಿದವರಲ್ಲ. ರಿಮೋಟು ಮಾತ್ರ ಎಲ್ಲರ ಕೈಗೂ ಪರಿಚಯ. ಮಗನ ಮನೆಗೆ ಬಂದಿದ್ದ ಹಾವೇರಿ ಕಡೆಯ ಅಜ್ಜ ಒಬ್ಬರು ತುಂಬಾ ಹೊತ್ತು ನಿಂತು ನೋಡಿದರು. ಆಮೇಲೆ ಹತ್ತಿರ ಬಂದು, "ದನಿ ಚಲೋ ಐತಿ ತಮ್ಮಾ. ಆದ್ರ ಕೈ ಹಿಂಗ ಗಾಳ್ಯಾಗ ನಿಲ್ಲಬಾರದು, ಬಿದ್ದು ಪುಟೀಬೇಕು ನೋಡು" ಅಂದರು. ಅಲ್ಲೇ ಕುರ್ಚಿಯ ದಿಂಬೊಂದನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದು, "ಇದಕ್ಕ ಹೊಡಿ" ಅಂದರು.

ನನಗೆ ಸಿಕ್ಕ ಸಲಹೆಗಳಲ್ಲಿ ಅದೇ ದೊಡ್ಡದು. ಗಾಳಿಯಲ್ಲಿ ಬಾರಿಸುವಾಗ ಕೈಯನ್ನು ನಾವೇ ತಡೆಯಬೇಕು. ಅದಕ್ಕೆ ಬೇಗ ಸೋಲುತ್ತದೆ, ತಾಳವೂ ಹಿಂದೆ ಬೀಳುತ್ತದೆ. ದಿಂಬಿಗೆ ಹೊಡೆದರೆ ದಿಂಬೇ ತಡೆಯುತ್ತದೆ, ಕೈ ತಾನಾಗಿ ಮೇಲೇಳುತ್ತದೆ. ಅಂಕಿಗಳಲ್ಲೂ ಪೆಟ್ಟು ಸೂಜಿಯಷ್ಟು ಚೂಪಾಗಿ ಕಂಡಿತು. ಆಮೇಲೆ ಗಟ್ಟಿ ಫೋಮಿನ ಎರಡು ಬಿಲ್ಲೆ ಕತ್ತರಿಸಿ, ಸೊಂಟಕ್ಕೆ ಕಟ್ಟುವ ಹಾಗೆ ಪಟ್ಟಿ ಹೊಲಿಸಿದೆ. ಮಣಿಕಟ್ಟಿನ ಪಟ್ಟಿ ಮಾತ್ರ ಯಾರೂ ಬಿಡಬಾರದು. ಮೊದಲ ರಿಮೋಟುಗಳ ತೆಳು ಪಟ್ಟಿ ತುಂಡಾಗಿ ಟಿವಿ ಒಡೆದ ಸುದ್ದಿಗಳು ಬಂದು, 2006ರ ಡಿಸೆಂಬರ್‌ನಲ್ಲೇ ಕಂಪನಿ ದಪ್ಪ ಪಟ್ಟಿ ಕೊಡಲು ಶುರು ಮಾಡಿತ್ತು.

ಉಳಿದಿದ್ದು ಕುಣಿತ. ಡೊಳ್ಳು ಅಂದ ಮೇಲೆ ನಿಂತಲ್ಲೇ ಬಾರಿಸುವುದಲ್ಲವಲ್ಲ. ಹಾರಿ ಕಾಲೂರಿದರೆ ರಿಮೋಟಿಗೆ ಅದೂ ಪೆಟ್ಟೇ. 2009ರ ಜೂನ್‌ನಲ್ಲಿ ರಿಮೋಟಿನ ಬಾಲಕ್ಕೆ ಸಿಕ್ಕಿಸುವ ಮೋಷನ್‌ಪ್ಲಸ್ ಬಂತು. ಅದರಲ್ಲಿ ಗೈರೊಸ್ಕೋಪ್ ಇದೆ, ತಿರುಗುವ ವೇಗ ಅಳೆಯುತ್ತದೆ. ಕತ್ತಿಯ ಕನಸಿನವರು 'ವೀ ಸ್ಪೋರ್ಟ್ಸ್ ರೆಸಾರ್ಟ್'ನಲ್ಲಿ ಕಡೆಗೂ ಮನಸಾರೆ ಕತ್ತಿ ಬೀಸಿದ್ದು ಇದರಿಂದ. ನನಗೂ ಇದೇ ಬೇಕಿತ್ತು. ಬಾರಿಸುವಾಗ ಮಣಿಕಟ್ಟು ತಿರುಗುತ್ತದೆ, ಹಾರುವಾಗ ತಿರುಗುವುದಿಲ್ಲ. ಹಾರಿ ಇಳಿದಾಗ ಎರಡು ಕೈಗೂ ಒಂದೇ ಕ್ಷಣಕ್ಕೆ ಧಕ್ಕೆ ಬರುತ್ತದೆ. ಈ ಎರಡನ್ನೂ ನೋಡಿ ಹೆಜ್ಜೆ ಯಾವುದು, ಪೆಟ್ಟು ಯಾವುದು ಅಂತ ಬೇರೆ ಮಾಡಿದೆ. ಮೋಷನ್‌ಪ್ಲಸ್ ಮತ್ತು ನುನ್‌ಚಕ್ ಒಟ್ಟಿಗೆ ಇದ್ದಾಗ ಅವೆರಡೂ ಸರದಿಯಲ್ಲಿ ವರದಿ ಕಳಿಸುತ್ತವೆ. ಹಾಗಾಗಿ ಎಡಗೈಯ ವರದಿ ಅರ್ಧಕ್ಕೆ ಇಳಿಯುತ್ತದೆ. ಬೇಗಬೇಗ ಬೀಳುವ ಅಂಗೈ ಪೆಟ್ಟುಗಳಲ್ಲಿ ಇದು ಗೊತ್ತಾಗುತ್ತದೆ. ಅದಕ್ಕೆ ವೇಗದ ನಡೆಗಳಿಗೆ ಎರಡು ಕೈಗೂ ಒಂದೊಂದು ರಿಮೋಟನ್ನೇ ಕೊಡುತ್ತೇನೆ. ಈಗ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದಕ್ಕೆ ಡ್ರೈವರ್ ಇದೆ, ಲೈಬ್ರರಿ ಹುಡುಕುವ ಕಷ್ಟ ಇಲ್ಲ. ಹಳೆಯ ರಿಮೋಟು ಕೊಳ್ಳುವುದಾದರೆ ಬ್ಯಾಟರಿ ಗೂಡಿನಲ್ಲಿ ತುಕ್ಕು ಇದೆಯಾ ನೋಡಿ, ಮೋಷನ್‌ಪ್ಲಸ್ ಒಳಗೇ ಸೇರಿಸಿರುವ ರಿಮೋಟು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬಾಲ ಉದ್ದ ಇಲ್ಲದಿದ್ದರೆ ಕೋಲು ಹಿಡಿದ ಹಾಗೆ ಕೈಯಲ್ಲಿ ಚೆನ್ನಾಗಿ ಕೂರುತ್ತದೆ.