ಅಲರ್ಜಿ ನೆಗಡಿ ಥೀಸಿಸ್: ಸ್ಪ್ರೇ ಬಾಟಲಿ ತೂಗಿದ್ದು ಯಾಕೆ

ಇಎನ್‌ಟಿ ಪಿಜಿಯಲ್ಲಿ ಥೀಸಿಸ್‌ಗೆ ಅಲರ್ಜಿ ನೆಗಡಿ ತಗೊಂಡೆ ಅಂದಾಗ ಜೊತೆಯವರು 'ಅಷ್ಟೇನಾ?' ಅಂದರು. ಕ್ಯಾನ್ಸರ್, ಫಂಗಸ್ ಅಂದರೆ ಗತ್ತು ಜಾಸ್ತಿ ಅಲ್ವಾ. ಆದರೆ ನಮ್ಮ ಓಪಿಡಿ ತುಂಬ ಸೀನುವವರೇ. ಸ್ಟೆರಾಯ್ಡ್ ಸ್ಪ್ರೇ ಒಂದೇ ಸಾಕಾ, ಜೊತೆಗೆ ಉಪ್ಪುನೀರಿನಲ್ಲಿ ಮೂಗು ತೊಳೆದರೆ ಇನ್ನೂ ಹಗುರಾಗುತ್ತಾ? ನನಗೆ ಬೇಕಿದ್ದದ್ದು ಇಷ್ಟೇ.

ಎಥಿಕ್ಸ್ ಕಮಿಟಿ, ಕನ್ನಡದ ಒಪ್ಪಿಗೆ ಪತ್ರ, ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಎಲ್ಲ ಮುಗಿಸಿಯೇ ಮೊದಲ ರೋಗಿಯನ್ನು ಸೇರಿಸಿದ್ದು. 2018ರ ಏಪ್ರಿಲ್‌ನಿಂದ ಸಿಟಿಆರ್‌ಐ ರೋಗಿಗಳನ್ನು ಸೇರಿಸಿಕೊಂಡ ಮೇಲೆ ನೋಂದಾಯಿಸಿಕೊಳ್ಳುವುದಿಲ್ಲ. ಒಂದು ಗುಂಪಿಗೆ ಸ್ಪ್ರೇ ಮಾತ್ರ, ಇನ್ನೊಂದಕ್ಕೆ ಸ್ಪ್ರೇ ಜೊತೆ ಉಪ್ಪುನೀರು; ಯಾರು ಯಾವ ಗುಂಪಿಗೆ ಅನ್ನೋದನ್ನು ಮುಚ್ಚಿದ ಲಕೋಟೆ ಹೇಳುತ್ತಿತ್ತು. ಸೀನು, ಸೋರಿಕೆ, ಕಟ್ಟುವುದು, ತುರಿಕೆ. ತೊಂದರೆ ಎಷ್ಟಿದೆ ಅಂತ ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 12. ಅಂಕ ಬರೆದುಕೊಳ್ಳುವ ಜೂನಿಯರ್‌ಗೆ ಗುಂಪು ಗೊತ್ತಾಗಬಾರದು. ರೋಗಿಗಳಿಗೆ ಅದನ್ನೇ ಹೇಳಿ ಕಳಿಸಿದರೂ ಒಳಗೆ ಹೋಗಿ ಕೂತ ತಕ್ಷಣ 'ಉಪ್ಪುನೀರು ಚೆನ್ನಾಗಿ ಕೆಲಸ ಮಾಡ್ತಿದೆ ಮೇಡಂ' ಅನ್ನೋರು ಇದ್ದೇ ಇರುತ್ತಾರೆ. ಅಂಥವರ ಅಂಕವನ್ನು ಗುರುತು ಹಾಕಿ ಬೇರೆಯಾಗಿಯೂ ನೋಡಿದೆವು.

ನನ್ನ ತಲೆ ತಿಂದದ್ದು ಸ್ಪ್ರೇ. 'ದಿನಾ ಹಾಕ್ಕೊಂಡ್ರಾ?' ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ಬಾಟಲಿ ತೂಗಲು ಶುರು ಮಾಡಿದೆ. ನಾವು ಕೊಟ್ಟ ಫ್ಲುಟಿಕಾಸೋನ್‌ನಲ್ಲಿ ಒಂದು ಸಲ ಒತ್ತಿದರೆ ಬರುವ ದ್ರಾವಣ ಸುಮಾರು 100 ಮಿಲಿಗ್ರಾಂ, ಅದರಲ್ಲಿ ಔಷಧಿ 50 ಮೈಕ್ರೋಗ್ರಾಂ. ಒಂದೊಂದು ಹೊಳ್ಳೆಗೆ ಎರಡು ಸಲ ಅಂದರೆ ದಿನಕ್ಕೆ 0.4 ಗ್ರಾಂ. ಎರಡು ವಾರಕ್ಕೆ 5.6 ಗ್ರಾಂ ಇಳಿದಿರಬೇಕು. ಅಡುಗೆಮನೆ ತಕ್ಕಡಿಗೆ ಇದು ಸಿಗಲ್ಲ, ಫಾರ್ಮಕಾಲಜಿ ಲ್ಯಾಬಿನ ತಕ್ಕಡಿ ಕೇಳಿ ತಗೊಂಡೆ.

ಬಾಟಲಿ ಹಗುರಾದರೆ ಒತ್ತಿದ್ದಾರೆ ಅಂತ ಗೊತ್ತಾಗುತ್ತೆ, ಔಷಧಿ ಎಲ್ಲಿಗೆ ಹೋಯಿತು ಅಂತ ಗೊತ್ತಾಗಲ್ಲ. ಹಾಗಾಗಿ ಓಪಿಡಿಗೆ ಬಂದಾಗಲೆಲ್ಲ ಒಮ್ಮೆ ನನ್ನ ಮುಂದೆಯೇ ಹಾಕಿಸಿದೆ. ಬಹಳ ಜನ ತಲೆ ಹಿಂದಕ್ಕೆ ಎತ್ತಿ, ನಳಿಕೆಯನ್ನು ಮೂಗಿನ ನಡುಗೋಡೆಗೆ ಗುರಿಯಿಟ್ಟು, ನಶ್ಯ ಏರಿಸಿದ ಹಾಗೆ ಜೋರಾಗಿ ಎಳೆಯುತ್ತಾರೆ. ಔಷಧಿ ಗಂಟಲಿಗೆ ಇಳಿಯುತ್ತೆ, ನಡುಗೋಡೆಯಲ್ಲಿ ರಕ್ತ ಜಿನುಗುತ್ತೆ. ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿಕೊಂಡರೆ ನಳಿಕೆ ತಾನಾಗೇ ಹೊರಗೋಡೆ ಕಡೆ ತಿರುಗುತ್ತೆ. ಮೆಲ್ಲಗೆ ಉಸಿರೆಳೆದರೆ ಸಾಕು.

ಉಪ್ಪುನೀರಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರು, ಒಂದು ಟೀ ಚಮಚ ಉಪ್ಪು. ಕುದಿಸದ ನಲ್ಲಿ ನೀರು, ಬಾವಿ ನೀರು ಬೇಡವೇ ಬೇಡ. ಮಿದುಳಿಗೆ ಹತ್ತುವ ಅಮೀಬಾ ಮೂಗಿನಿಂದಲೇ ಒಳಗೆ ಹೋಗೋದು. ತೊಳೆದಾದ ಮೇಲೆ ಸ್ಪ್ರೇ, ಉಲ್ಟಾ ಮಾಡಿದರೆ ಔಷಧಿಯೇ ತೊಳೆದುಹೋಗುತ್ತೆ.

ಎರಡೂ ಗುಂಪಿಗೆ ಒಂದೇ ಕಾಲದಲ್ಲಿ ಜನರನ್ನು ಸೇರಿಸಿದೆವು. ಮೆಕ್ಕೆಜೋಳ ಒಕ್ಕುವ ಧೂಳಿನಲ್ಲಿ ಬಂದವರು ಧೂಳು ನಿಂತ ಮೇಲೆ ಏನೂ ಹಾಕದಿದ್ದರೂ ಸುಧಾರಿಸುತ್ತಾರಲ್ಲ.

ಕೊನೆಯಲ್ಲಿ ಗೈಡ್ ಜೊತೆ ಒಂದು ವಾದ ಆಯಿತು. ಬಾಟಲಿ ತೂಕ ಇಳಿಯದವರನ್ನು ಪಟ್ಟಿಯಿಂದ ಬಿಟ್ಟರೆ ಫಲಿತಾಂಶ ಅಚ್ಚುಕಟ್ಟಾಗುತ್ತೆ ಅಂತ ಅವರ ಮಾತು. ಓಪಿಡಿಯಲ್ಲಿ ನಮಗೆ ಸಿಗುವವರು ಇಂಥವರೇ ಅಂತ ನಾನು. ಲಕೋಟೆ ಹೇಳಿದ ಗುಂಪಿನಲ್ಲೇ ಎಲ್ಲರನ್ನೂ ಇಟ್ಟು ಮುಖ್ಯ ಲೆಕ್ಕ ಮಾಡಿದೆವು, ಸರಿಯಾಗಿ ಹಾಕಿಕೊಂಡವರ ಲೆಕ್ಕ ಪಕ್ಕದ ಕೋಷ್ಟಕಕ್ಕೆ ಹೋಯಿತು.