ಹಿಟ್ಟಿನಾಟವೇ ಊಟವಾದದ್ದು: ನನ್ನ ಅನುಭವ

ನಾನು ಹಗಲು ನೋಡಿಕೊಳ್ಳುವ ಮಕ್ಕಳು ಆಡಿದ ಹಿಟ್ಟನ್ನೇ ಬೇಯಿಸಿ ಅವರಿಗೆ ಉಣ್ಣಿಸುತ್ತೇನೆ ಅಂದಾಗ ನಮ್ಮ ಅತ್ತೆಯವರು ತಟ್ಟೆ ಸರಿಸಿ ಎದ್ದುಬಿಟ್ಟಿದ್ದರು. "ಹಿಸುಕಿ ಹಿಸುಕಿ ಕರ್ರಗಾದ ಹಿಟ್ಟು ಮಂದಿ ಮಕ್ಕಳಿಗೆ ಹಾಕ್ತಿಯೇನವ್ವಾ? ರೊಕ್ಕ ಕೊಟ್ಟು ಬಿಟ್ಟು ಹೋಗ್ಯಾರ ಅವರು" ಅಂದರು. ಎದುರು ಮನೆಯ ವೈನಿ ಅಷ್ಟು ಒರಟಾಗಿ ಹೇಳಲಿಲ್ಲ. ಆದರೆ ಆಟ ಆಟದ ಜಾಗದಲ್ಲಿ, ಊಟ ಊಟದ ಜಾಗದಲ್ಲಿ ಇರಬೇಕು, ಎರಡೂ ಕಲೆತರೆ ಮಕ್ಕಳು ಅನ್ನದ ಜೊತೆಗೂ ಆಡೋಕೆ ಶುರು ಮಾಡ್ತಾರೆ ಅಂತ ನಾಲ್ಕು ಸಲ ಹೇಳಿದರು. ಈಗ ಎರಡು ವರ್ಷ ದಾಟಿದೆ. ಹೋದ ತಿಂಗಳು ಅದೇ ವೈನಿ ತಮ್ಮ ಮೊಮ್ಮಗನಿಗೆ ಅಂತ ನನ್ನ ಹತ್ತಿರ ಹಿಟ್ಟಿನ ಅಳತೆ ಬರೆಸಿಕೊಂಡು ಹೋದರು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾವು ವಿಜಯಪುರ ಕಡೆಯವರು. ಪುಣೆಗೆ ಬಂದು 14 ವರ್ಷವಾಯಿತು. ಧಾಯರಿಯಲ್ಲಿ ನಮ್ಮ ಮನೆಯ ಹಾಲ್‌ನಲ್ಲೇ ಪಾಳಣಾಘರ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಶಿಶುಮನೆ ನಡೆಸುತ್ತೇನೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ, ಎರಡೂವರೆಯಿಂದ ಐದು ವರ್ಷದೊಳಗಿನ ಮಕ್ಕಳು. ಸದ್ಯ 9 ಮಕ್ಕಳಿದ್ದಾರೆ, ಐದು ಕನ್ನಡದವು, ಉಳಿದವು ಮರಾಠಿ. ಎಲ್ಲರಿಗೂ ನಾನು ಕಾಕು. ಎರಡೂ ಭಾಷೆಗೆ ಹೊಂದುವ ಮಾತು ಅದು. ತಿಂಗಳಿಗೆ ಮಗುವಿಗೆ 3,500 ರೂಪಾಯಿ, ಮಧ್ಯಾಹ್ನದ ಊಟ ಸೇರಿ.

ಆ ಊಟವೇ ನನ್ನ ತಲೆನೋವಾಗಿತ್ತು. ಮೊದಲು ಅನ್ನ, ಸಾರು, ಚಪಾತಿ, ಒಂದು ಪಲ್ಯ ಅಂತ ಕ್ರಮವಾಗಿ ಮಾಡುತ್ತಿದ್ದೆ. ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ಒಂದು ವಾರ ಬಿಟ್ಟದ್ದನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ತೂಗಿದೆ. ನೆನಪಿದ್ದ ಮಟ್ಟಿಗೆ ದಿನಕ್ಕೆ ಒಂದೂವರೆ ಕಿಲೋ ಹತ್ತಿರ. ಇಷ್ಟು ಚಿಕ್ಕ ಹೊಟ್ಟೆಯ 9 ಮಕ್ಕಳಿಗೆ ಒಂದೂವರೆ ಕಿಲೋ ಬಿಡುವುದು ಅಂದರೆ ಏನೂ ಉಂಡೇ ಇಲ್ಲ ಅಂತ ಅರ್ಥ. ತಾಯಂದಿರು "ಕಾಕು, ಊಟ ಆಯ್ತಾ?" ಅಂತ ಕೇಳಿದಾಗ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಆಟದ ಕಡೆಯೂ ಅದೇ ಕಥೆ. ಹಾಲ್‌ನಲ್ಲಿ ಓಡುವಷ್ಟು ಜಾಗವಿಲ್ಲ, ಮಳೆಗಾಲದಲ್ಲಿ ಹೊರಗೆ ಬಿಡುವಂತಿಲ್ಲ. ಅಂಗಡಿಯಲ್ಲಿ ಸಿಗುವ ಬಣ್ಣದ ಮೆತ್ತನೆ ಹಿಟ್ಟಿನ ಸೆಟ್ ತಂದೆ, ಸುಮಾರು 750 ರೂಪಾಯಿ. ಹದಿನೈದು ದಿನದಲ್ಲಿ ಆರು ಬಣ್ಣವೂ ಕಲೆತು ಒಂದೇ ಮಣ್ಣಿನ ಬಣ್ಣವಾಯಿತು, ಮುಚ್ಚಳ ಸರಿಯಾಗಿ ಮುಚ್ಚದೆ ಗಟ್ಟಿಯೂ ಆಯಿತು. ಆಮೇಲೆ ಮೈದಾ, ಉಪ್ಪು, ಎಣ್ಣೆ ಹಾಕಿ ನಾನೇ ಮಾಡಿದೆ. ಎರಡು ಬಟ್ಟಲು ಮೈದಾಕ್ಕೆ ಒಂದು ಬಟ್ಟಲು ಉಪ್ಪು, ಅದು ನಿಮಗೆಲ್ಲ ಗೊತ್ತಿರುವುದೇ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಉಪ್ಪು ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಹಿಟ್ಟು ಅಂಟಂಟಾಯಿತು. ಇನ್ನಷ್ಟು ಮೈದಾ ಸೇರಿಸಿದೆ, ಮರುದಿನ ಮತ್ತೆ ಅಂಟು. ಹೀಗೆ ಒಂದೇ ತಿಂಗಳಲ್ಲಿ ಐದು ಕಿಲೋ ಮೈದಾ ಹಾಳು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬಿತ್ತು. ಮೂರು ವರ್ಷದ ಒಂದು ಮಗು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಆ ಉಪ್ಪಿನ ಹಿಟ್ಟನ್ನು ಲಿಂಬೆಹಣ್ಣಿನಷ್ಟು ತಿಂದುಬಿಟ್ಟಿತು. ಸ್ವಲ್ಪ ಹೊತ್ತಿಗೆ ವಾಂತಿ. ನೇರವಾಗಿ ಡಾಕ್ಟರ್ ಹತ್ತಿರ ಎತ್ತಿಕೊಂಡು ಓಡಿದೆ. ಅಷ್ಟು ಉಪ್ಪು ಸಣ್ಣ ಮಕ್ಕಳ ಮೈಗೆ ಅಪಾಯವೇ ಅಂತ ಅವರು ಖಡಕ್ಕಾಗಿ ಹೇಳಿದರು. ಮಗು ಸುಧಾರಿಸಿತು, ಆದರೆ ತಾಯಿ ಮರುದಿನದಿಂದ ಕಳಿಸಲಿಲ್ಲ. ಅವರದು ತಪ್ಪಲ್ಲ. ಆ ರಾತ್ರಿ ನಿದ್ದೆ ಬರದೆ ಕೂತಾಗ ಹೊಳೆದದ್ದು ಇಷ್ಟೇ: ಮಕ್ಕಳು ಹೇಗಿದ್ದರೂ ಹಿಟ್ಟು ಬಾಯಿಗಿಡುತ್ತವೆ. ತಟ್ಟೆಯ ಊಟ ಬಾಯಿಗಿಡುವುದಿಲ್ಲ. ಹಾಗಾದರೆ ತಟ್ಟೆಗೆ ಬರಬೇಕಾದದ್ದು ಆ ಹಿಟ್ಟೇ ಅಲ್ಲವೇ?

ನಮ್ಮ ಅವ್ವ, ಅಜ್ಜಿ ಮದುವೆಯ ಮುಂಚೆ ಪಡಸಾಲೆಯಲ್ಲಿ ಕೂತು ಶ್ಯಾವಿಗೆ, ಗವಲಿ, ಪರಡಿ ಮಾಡುತ್ತಿದ್ದುದು ನೆನಪಾಯಿತು. ಇಲ್ಲಿ ಮರಾಠಿ ಮನೆಗಳಲ್ಲೂ ಅದೇ ಇದೆ. ಗವ್ಹಲೆ, ಉಗುರಿನ ಆಕಾರದ ನಖುಲ್ಯಾ, ಬೆರಳಿಗೆ ಸುತ್ತುವ ಬೋಟವ್ಯಾ, ಹಣಿಗೆಯ ಮೇಲೆ ಒತ್ತಿ ಗೆರೆ ಮೂಡಿಸುವ ಫಣ್ಯಾ. ನಾವು ಸಣ್ಣವರಿದ್ದಾಗ ನಮ್ಮ ಕೈಗೂ ಒಂದು ಉಂಡೆ ಹಿಟ್ಟು ಕೊಟ್ಟು ಕೂರಿಸುತ್ತಿದ್ದರು. ನಮಗೆ ಅದು ಆಟವೇ ಆಗಿತ್ತಲ್ಲ.

ಮೊದಲ ಪ್ರಯೋಗ ವರಣಫಳ, ಅಂದರೆ ವರಣದಲ್ಲಿ (ಬೇಳೆಯಲ್ಲಿ) ಬೇಯಿಸಿದ ಹಿಟ್ಟಿನ ತುಂಡು. ಚಪಾತಿ ಹಿಟ್ಟು ಕೊಟ್ಟು ಏನು ಬೇಕೋ ಮಾಡಿ ಅಂದೆ, ಮಾಡಿದ್ದನ್ನೆಲ್ಲ ಕುದಿಯುವ ಬೇಳೆಯಲ್ಲಿ ಬಿಟ್ಟೆ. ಪೂರ್ತಿ ಸೋತೆ. ದಪ್ಪಗಿದ್ದವು ಒಳಗೆ ಹಸಿ, ತೆಳ್ಳಗಿದ್ದವು ಕರಗಿ ಗಂಜಿ. ಅದಕ್ಕಿಂತ ಹೆಚ್ಚಾಗಿ, ಪಾತ್ರೆಯಿಂದ ತೆಗೆದಾಗ ಯಾರ ಮೀನು ಯಾವುದು, ಯಾರ ಹಾವು ಯಾವುದು ಗೊತ್ತಾಗಲಿಲ್ಲ. "ನಂದು ಎಲ್ಲಿ?" ಅಂತ ಒಬ್ಬಳು ಅಳಲು ಶುರು ಮಾಡಿದಳು, ಹಿಂದೆಯೇ ಏಳು ಮಕ್ಕಳು. ಆ ದಿನ ಎಲ್ಲರಿಗೂ ಮೊಸರನ್ನ ಕಲಸಿ ಕೊಟ್ಟೆ. ಎರಡನೇ ಸಲ ಹಂಚಿನ ಮೇಲೆ ಸುಟ್ಟೆ. ಬೇರೆ ಬೇರೆ ದಪ್ಪದ 30 ತುಂಡು ಒಂದೊಂದಾಗಿ ಮಗುಚುವಷ್ಟರಲ್ಲಿ ಒಂದೂವರೆ ಗಂಟೆ, ಮಕ್ಕಳು ಹಸಿದು ಮಲಗಿಯೇಬಿಟ್ಟವು. ಕರಿದರೆ ತಿನ್ನುತ್ತಿದ್ದವು, ಆದರೆ ದಿನಾ ಕರಿದದ್ದು ಕೊಡಲು ನನಗೆ ಮನಸ್ಸಿಲ್ಲ, ಎಣ್ಣೆಯ ಖರ್ಚೂ ಕಟ್ಟುವುದಿಲ್ಲ. ಹೀಗೆ ಮೂರು ವಾರ ಕಳೆಯಿತು. ಅತ್ತೆಯವರು ಏನೂ ಹೇಳದೆ ನೋಡುತ್ತಿದ್ದರು.

ದಾರಿ ಸಿಕ್ಕಿದ್ದು ನಾಗರ ಪಂಚಮಿಯ ದಿನ. ನಮ್ಮಲ್ಲಿ ಅವತ್ತು ಒಲೆಯ ಮೇಲೆ ಹಂಚು ಇಡುವುದಿಲ್ಲ, ಕರಿಯುವುದಿಲ್ಲ, ಕುದಿಸಿದ ಕಡಬೇ. ಇಬ್ಬರು ಮಕ್ಕಳು ಅವತ್ತೂ ಬಂದಿದ್ದರು, ಹಿಟ್ಟು ಕೇಳಿದರು. ಮಾಡಿದ್ದನ್ನು ಎಲ್ಲಿ ಬೇಯಿಸಲಿ ಅಂತ ನೋಡಿದರೆ ಕೈಗೆ ಸಿಕ್ಕಿದ್ದು ಇಡ್ಲಿ ಸ್ಟ್ಯಾಂಡ್. ಒಬ್ಬನದು ಮೇಲಿನ ತಟ್ಟೆಯಲ್ಲಿ, ಒಬ್ಬಳದು ಕೆಳಗಿನದರಲ್ಲಿ ಇಟ್ಟೆ. ತೆಗೆದಾಗ ಎರಡೂ ಇಟ್ಟ ಹಾಗೆಯೇ ಇದ್ದವು. ಹಾವಿಗೆ ಹೆಡೆಯೂ ಉಳಿದಿತ್ತು! ಮಗು ತನ್ನ ಹಾವನ್ನು ಗುರುತು ಹಿಡಿದು, ಮೇಲೆ ತುಪ್ಪ ಹಾಕಿಸಿಕೊಂಡು ಬಾಲದಿಂದ ತಿನ್ನಲು ಶುರು ಮಾಡಿತು.

ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಕುಳಿ, ಒಟ್ಟು 16. ಒಂದೊಂದು ಮಗುವಿಗೆ ಒಂದು ಕುಳಿ, ದೊಡ್ಡವರಿಗೆ ಎರಡು. ಕುಳಿಯ ಅಂಚಿಗೆ ಗುರುತಾಗಿ ಒಂದು ಕಾಳು ಇಡುತ್ತೇನೆ, ಒಬ್ಬರಿಗೆ ಹೆಸರು, ಒಬ್ಬರಿಗೆ ಕಡಲೆ, ಒಬ್ಬರಿಗೆ ಅವರೆ. ಬಡಿಸುವಾಗ ಕಾಳು ತೆಗೆದುಬಿಡುತ್ತೇನೆ. ಮಕ್ಕಳಿಗೆ ತಮ್ಮ ಕಾಳು ಬಾಯಿಪಾಠವಾಗಿದೆ, ಕಾಳಿನ ಹೆಸರೂ ಕಲಿತಂತಾಯಿತು. ಬೆಂದದ್ದನ್ನು ಅವರವರ ಬಟ್ಟಲಿಗೇ ಹಾಕಿ, ಮೇಲೆ ತೊಗರಿಬೇಳೆಯ ತಿಳಿ ವರಣ, ಅರ್ಧ ಚಮಚ ತುಪ್ಪ. ಬೇಳೆಯಲ್ಲಿ ಸೋರೆಕಾಯಿ, ಕುಂಬಳಕಾಯಿ ಏನಿದ್ದರೂ ಕರಗಿಸಿರುತ್ತೇನೆ. ತಮ್ಮ ಮೀನು ಈಜಬೇಕು ಅಂತ ವರಣ ಇನ್ನೂ ಹಾಕು ಅನ್ನುತ್ತವೆ. ಬೇಳೆ ಮುಟ್ಟದ ಮಕ್ಕಳು ಇವು!

ದಪ್ಪದ ಸಮಸ್ಯೆಗೆ ಐಸ್‌ಕ್ರೀಮ್ ಕಡ್ಡಿ. ಎರಡು ಕಡ್ಡಿ ಒಂದರ ಮೇಲೊಂದು ದಾರದಿಂದ ಕಟ್ಟಿ, ಅಂಥವು ಎರಡು ಮಾಡಿ, ಹಿಟ್ಟಿನ ಆಚೆ ಈಚೆ ಇಡುವುದು. ಲಟ್ಟಣಿಗೆ ಕಡ್ಡಿಯ ಮೇಲೆ ಉರುಳುತ್ತದೆ, ಹಿಟ್ಟು ಅದಕ್ಕಿಂತ ತೆಳ್ಳಗಾಗುವುದಿಲ್ಲ. ಆಮೇಲೆ ಹಬೆ ಬಂದ ಮೇಲೆ 12 ನಿಮಿಷ ಸಾಕು. ಉಂಡೆಯಂಥದ್ದು ಮಾಡಿದರೆ ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿಸುತ್ತೇನೆ, ಒಳಗೆ ಹಸಿ ಉಳಿಯುವುದಿಲ್ಲ.

ಹಿಟ್ಟಿನ ವಿಷಯಕ್ಕೆ ಬಂದರೆ, ಬರೀ ಗೋಧಿ ರಬ್ಬರಿನಂತೆ ಎಳೆಯುತ್ತದೆ. ಬರೀ ಜೋಳ ಎಸರು ಹಾಕಿ ನಾದಿದರೂ ಮಕ್ಕಳ ಕೈಯಲ್ಲಿ ಬಿರಿಯುತ್ತದೆ. ನಾನು ಎರಡು ಪಾಲು ಗೋಧಿ, ಒಂದು ಪಾಲು ಜೋಳ ಹಾಕುತ್ತೇನೆ. ಜೋಳವನ್ನು ಮಾತ್ರ ಮೊದಲೇ ಕುದಿನೀರಲ್ಲಿ ಕಲಸಿ, ಆರಿದ ಮೇಲೆ ಗೋಧಿ ಹಿಟ್ಟಿಗೆ ಸೇರಿಸಿ ನಾದಬೇಕು. ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಬೇಕು. ಇದರ ಜೊತೆಗೆ ಮನೆಯಲ್ಲಿ ಹುರಿದು ಪುಡಿ ಮಾಡಿದ ಇನ್ನೊಂದು ಹಿಟ್ಟು ಒಂದು ಮುಷ್ಟಿ ಬೀಳುತ್ತದೆ. ನನ್ನ ಹಿಟ್ಟು ಒಂದು ಗಂಟೆ ಆಡಿದರೂ ಒಣಗದಿರುವುದು ಅದರಿಂದಲೇ. ಅದೇನೆಂದು ವೈನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಬಣ್ಣಕ್ಕೆ ನಾನು ಬಹಳ ಕಷ್ಟಪಟ್ಟಿದ್ದೇನೆ. ಬೀಟ್‌ರೂಟ್ ಹಾಕಿ ಬೇಯಿಸಿದರೆ ಕೆಂಪು ಹೋಗಿ ಕಂದು ಆಗುತ್ತಿತ್ತು. ಲಿಂಬೆರಸ ಒಂದು ಚಮಚ ಸೇರಿಸಿದೆ, ಬಣ್ಣ ನಿಂತಿತು. ಅದೇ ಖುಷಿಯಲ್ಲಿ ಪಾಲಕ್ ಹಿಟ್ಟಿಗೂ ಲಿಂಬೆ ಹಿಂಡಿದೆ, ಅದು ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತು. ಹುಳಿ ಬೀಟ್‌ರೂಟ್‌ಗೆ ಮಿತ್ರ, ಪಾಲಕ್‌ಗೆ ಶತ್ರು ಅಂತ ಆಗ ತಿಳಿಯಿತು. ಗಜ್ಜರಿ, ಅರಿಶಿನ ಎರಡೂ ಹಬೆಗೆ ಜಗ್ಗುವುದಿಲ್ಲ, ಹೊಸದಾಗಿ ಮಾಡುವವರು ಅವುಗಳಿಂದಲೇ ಶುರು ಮಾಡಿ. ಅರಿಶಿನದ ಹಿಟ್ಟಿಗೆ ಮಾತ್ರ ಸೋಡಾ ಸೋಕಿಸಬೇಡಿ, ಕೆಂಪಾಗುತ್ತದೆ.

ಆ ಕೆಂಪಿನಿಂದಲೇ ಇನ್ನೊಂದು ಆಟ ಹುಟ್ಟಿತು. ಆರತಿಯ ಓಕುಳಿಗೆ ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ. ಮಕ್ಕಳ ಕೈಗೆ ಸುಣ್ಣ ಕೊಡುವಂತಿಲ್ಲ. ಅದಕ್ಕೆ ಬಿಳಿ ಕಾಗದಕ್ಕೆ ಅರಿಶಿನ ನೀರು ಬಳಿದು ಒಣಗಿಸಿ, ಅಡುಗೆ ಸೋಡಾದ ನೀರಲ್ಲಿ ಬೆರಳದ್ದಿ ಬರೆಯಲು ಬಿಟ್ಟೆ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ, ಲಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಒಂದು ತಾಸು ಮಕ್ಕಳು ಅಲ್ಲಾಡಲಿಲ್ಲ. ಖರ್ಚು ಐದು ರೂಪಾಯಿಯೂ ಇಲ್ಲ. ಆದರೆ ಅಂಗಿಗೆ ಬಿದ್ದ ಹಳದಿ ಕಲೆ ಸಾಬೂನು ಹಚ್ಚಿದ ಕೂಡಲೇ ಕೆಂಪಾಗಿ, ಇಬ್ಬರು ತಾಯಂದಿರು ಗಾಬರಿಯಿಂದ ಫೋನ್ ಮಾಡಿದರು. ತೊಳೆದು ಬಿಸಿಲಿಗೆ ಹಾಕಿದರೆ ಆ ಕಲೆ ತಾನೇ ಹೋಗುತ್ತದೆ. ಈಗ ಮೊದಲೇ ಹಳೆ ಅಂಗಿ ತರಿಸುತ್ತೇನೆ.

ಅಳಗುಳಿ ಮಣೆಯೂ ಮಾಡಿದೆ. ಪುಣೆಯ ಬೋಹರಿ ಆಳಿ ಪೇಟೆಯಿಂದ ಕಾಗದದ ದೊನ್ನೆ ಕಟ್ಟು ತಂದು, 14 ದೊನ್ನೆಯನ್ನು ರಟ್ಟಿಗೆ ಅಂಟಿಸಿದ್ದು. ಮೊದಲು ಮೈದಾ ಗಂಜಿಯಿಂದ ಅಂಟಿಸಿದ್ದೆ, ಎರಡೇ ರಾತ್ರಿಯಲ್ಲಿ ಜಿರಳೆ ತಿಂದವು. ಫೆವಿಕಾಲ್ ಹಾಕಿದ ಮಣೆ ಇವತ್ತಿಗೂ ಇದೆ. ಆಡಲು ಹುಣಸೆಬೀಜ ನಾಲ್ಕು ವರ್ಷ ದಾಟಿದವರಿಗೆ, ನಾನು ಎದುರು ಕೂತಾಗ ಮಾತ್ರ. ಸಣ್ಣವರಿಗೆ ಬಟ್ಟೆಯಲ್ಲಿ ಹೊಲಿದ ದೊಡ್ಡ ಗೋಲಿ. ಟಾಯ್ಲೆಟ್ ಕಾಗದದ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನವರ ಕೈಗೆ ಕೊಡುವುದಿಲ್ಲ. ಇಡೀ ಶೇಂಗಾ ಅಂತೂ ನಮ್ಮ ಮನೆಯಲ್ಲಿ ಮಕ್ಕಳ ಮುಂದೆ ಬರುವುದೇ ಇಲ್ಲ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾತ್ರ, ಅದೂ ತಾಯಂದಿರನ್ನು ಕೇಳಿಯೇ.

ಸಾಮಾನಿಗೆ ಪುಣೆಯ ತುಳಶೀಬಾಗ್ ಪೇಟೆ. ಮೊದಲ ಸಲ ಚೆಂದ ಕಂಡಿತೆಂದು ಬಣ್ಣ ಬಳಿದ ಪುಟ್ಟ ಮಣೆ, ಲಟ್ಟಣಿಗೆ ತಂದೆ. ಹಿಟ್ಟಿಗೆ ಬಣ್ಣ ಬಿಟ್ಟಿತು, 600 ರೂಪಾಯಿ ನೀರಿಗೆ ಹಾಕಿದಂತಾಯಿತು. ಆಮೇಲೆ ಬಣ್ಣವಿಲ್ಲದ ಕಟ್ಟಿಗೆಯವು, ಜೋಡಿಗೆ 70 ಇರಬೇಕು, 10 ಜೋಡಿ. ಅಲ್ಲಿಯ ಹಿತ್ತಾಳೆಯ ಭಾತುಕಲಿ (ಅಡುಗೆಯಾಟದ ಪುಟ್ಟ ಪಾತ್ರೆ) ಸೆಟ್ ನೋಡಿ ಆಸೆ ತಡೆಯದೆ ಒಂದು ಕೊಂಡೆ, 1,500 ಹತ್ತಿರ ಹೋಯಿತು. ಮಕ್ಕಳು ಅದರಲ್ಲಿ ಒಬ್ಬರಿಗೊಬ್ಬರು ಬಡಿಸಿ ಆಡುತ್ತಾರೆ, ದುಡ್ಡು ದಂಡವಾಯಿತು ಅಂತ ನನಗೆ ಅನಿಸಿಲ್ಲ.

ಈಗಿನ ಲೆಕ್ಕ ಹೇಳುತ್ತೇನೆ. 9 ಮಕ್ಕಳಿಗೆ ಹಿಟ್ಟು ಅರ್ಧ ಕಿಲೋಕ್ಕಿಂತ ತುಸು ಹೆಚ್ಚು, ಬೇಳೆ ಕಾಲು ಕಿಲೋ, ತರಕಾರಿ, ತುಪ್ಪ ಎಲ್ಲ ಸೇರಿ ದಿನಕ್ಕೆ 120 ರೂಪಾಯಿ ಆಸುಪಾಸು. ಮೊದಲು 200 ದಾಟುತ್ತಿತ್ತು. ಬಿಡುವುದು ಈಗ ಕಾಲು ಕಿಲೋ ಇದ್ದರೆ ಹೆಚ್ಚು. ವಾರಕ್ಕೆ ಮೂರು ದಿನ ಮಾತ್ರ ಈ ಊಟ, ಉಳಿದ ದಿನ ಅನ್ನ, ಖಿಚಡಿ. ದಿನಾ ಮಾಡಿದ ವಾರ ಮಕ್ಕಳಿಗೆ ಬೇಸರ ಬಂದಿತ್ತು.

ಹಿಟ್ಟು ಹೊಲಸಾಗುತ್ತದೆ ಅನ್ನುವ ಅತ್ತೆಯವರ ಮಾತಿಗೂ ನಾನು ಕಿವಿಗೊಟ್ಟೆ. ಅವರು ಹೇಳಿದ್ದು ಸರಿಯೇ ಇತ್ತು. ಸೋಮವಾರ ಉಗುರು ನೋಡುತ್ತೇನೆ, ಹಿಟ್ಟು ಮುಟ್ಟುವ ಮೊದಲು ಸಾಬೂನಿನಿಂದ ಮೊಣಕೈವರೆಗೆ ತೊಳೆಸುತ್ತೇನೆ, ಆಟಕ್ಕೆಂದೇ ಒಂದು ಚಾದರ ಇದೆ, ಅದರ ಮೇಲೆ ಕಾಲಿಡುವಂತಿಲ್ಲ. ನೆಗಡಿ ಇದ್ದ ಮಗುವಿಗೆ ಬೇರೆ ಉಂಡೆ, ಅದು ಆಟಕ್ಕೆ ಮಾತ್ರ. ಇದನ್ನೆಲ್ಲ ನೋಡಿದ ಮೇಲೆ ಅತ್ತೆಯವರೇ ಮುಂದಿನ ವರ್ಷದ ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳ ನಡುವೆ ಬಂದು ಕೂತರು. ಗೋಧಿ ಹಿಟ್ಟಿನಲ್ಲಿ ಜೋಡೆತ್ತು ಮಾಡಿ, ಕೋಡು ಹೇಗೆ ಎಳೆಯಬೇಕು ಅಂತ ತೋರಿಸಿದರು. ಪುಣೆಯಲ್ಲಿ ಹುಟ್ಟಿದ ಮಕ್ಕಳಿಗೆ ಎತ್ತಿನ ಇಣಿ (ಹೆಗಲ ಮೇಲಿನ ಡುಬ್ಬ) ಯಾವುದು ಅಂತ ಗೊತ್ತಾದದ್ದು ಅವತ್ತೇ. ಆ ಎತ್ತುಗಳನ್ನು ಮಾತ್ರ ತಿನ್ನಲು ಯಾರೂ ಒಪ್ಪಲಿಲ್ಲ, ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ಹೋದವು.

ಹಣಿಗೆಯ ಮೇಲೆ ಒತ್ತುವ ಫಣ್ಯಾ ಇನ್ನೂ ಮಕ್ಕಳ ಕೈಗೆ ಹತ್ತಿಲ್ಲ. ಮೊದಲ ಸಲ ಹಿಟ್ಟು ಹಲ್ಲಿನೊಳಗೆ ಸಿಕ್ಕಿಕೊಂಡಿತು. ಅಗಲ ಹಲ್ಲಿನ ಹತ್ತು ಹೊಸ ಹಣಿಗೆ ತಂದು, ಕುದಿನೀರಲ್ಲಿ ಅದ್ದಿ ಒಣಹಾಕಿದ್ದೇನೆ. ಬರುವ ಬುಧವಾರ ಮತ್ತೊಮ್ಮೆ ಕೂರಿಸುತ್ತೇನೆ.